ಉಂಡೆ ನುಂಗಿದ ಗುಂಡಿ

ನಾದಿನಿ ಗಂಡನ ಮನೆ ಬಿಟ್ಟು ಬಂದ ದಿನ ಅವಳ ಒಂದು ಕೈಯಲ್ಲಿ ಬಟ್ಟೆಯ ಚೀಲವಿತ್ತು, ಇನ್ನೊಂದು ಕೈಯಲ್ಲಿ ರಟ್ಟಿನ ಪೆಟ್ಟಿಗೆ. ಬಾಗಿಲು ತೆರೆದ ಟೈಲರಮ್ಮ ಮೊದಲು ನೋಡಿದ್ದು ಪೆಟ್ಟಿಗೆಯನ್ನು, ಯಾಕೆಂದರೆ ಕುಂಯ್‌ಗುಡುತ್ತಿದ್ದದ್ದು ಅದು. ನಾದಿನಿ ಇನ್ನೂ ತುಟಿ ಬಿಚ್ಚಿರಲಿಲ್ಲ.

"ಅತ್ತಿಗೆ, ಇದಕ್ಕೆ ಇಲ್ಲಿ ಜಾಗ ಇಲ್ಲ ಅಂದ್ರೆ ನನಗೂ ಬೇಡ," ಎಂದಳು, ಚಪ್ಪಲಿ ಬಿಡುವುದಕ್ಕೂ ಮುಂಚೆ.

ಹಾಗೆಂದ ಮೇಲೆ ಇಲ್ಲ ಎನ್ನುವುದು ಹೇಗೆ? ಟೈಲರಮ್ಮ ಬಾಗಿಲು ಪೂರ್ತಿ ತೆರೆದಳು. ಪೆಟ್ಟಿಗೆಯೊಳಗೆ ಬಿಳಿ ಬಣ್ಣದ, ಒಂದು ಕಿವಿ ಮಾತ್ರ ಕಂದಾಗಿದ್ದ ನಾಯಿಮರಿ ತನ್ನ ಬಾಲವನ್ನೇ ಅಪ್ಪಿಕೊಂಡು ಮಲಗಿತ್ತು. ಥೇಟ್ ದಾರದುಂಡೆ. ಅಂದಿನಿಂದ ಅದರ ಹೆಸರು ಉಂಡೆ ಎಂದೇ ಆಯಿತು.

ಟೈಲರಮ್ಮನಿಗೆ ಟೈಲರಮ್ಮ ಎನ್ನುವ ಹೆಸರು ಬೀದಿಯವರು ಕೊಟ್ಟದ್ದು. ಮುಂದಿನ ಕೋಣೆಯ ಕಿಟಕಿಯ ಪಕ್ಕ ಅವಳ ಹೊಲಿಗೆ ಯಂತ್ರ, ಗೋಡೆಯುದ್ದಕ್ಕೂ ಮೊಳೆಗೆ ನೇತುಬಿದ್ದ ಊರವರ ಬಟ್ಟೆ. ಕೈ ಎಷ್ಟು ನಯವೋ ನಾಲಿಗೆ ಅಷ್ಟು ಹರಿತ. ಕತ್ತರಿಯ ಸಹವಾಸದಿಂದ ಬಂದದ್ದು ಎಂದು ಅವಳ ಗಂಡ ನಗುತ್ತಿದ್ದ, ಅದೂ ಅವಳು ಅಡುಗೆಮನೆಯಲ್ಲಿದ್ದಾಗ. ಅವನದು ಅಚ್ಚುಕೂಟದಲ್ಲಿ ಕೆಲಸ. ತಂಗಿ ಬಂದದ್ದು ನೋಡಿ, "ಪುಟ್ಟೀ, ಊಟ ಆಯ್ತಾ?" ಎಂದು ಕೇಳಿದ್ದು ಬಿಟ್ಟರೆ ಅವನು ಬೇರೇನೂ ಕೇಳಲಿಲ್ಲ. ಮರುದಿನ ಅಚ್ಚು ತಪ್ಪಿದ ಕಾಗದಗಳ ದೊಡ್ಡ ಕಟ್ಟೊಂದನ್ನು ತಂದು, "ಮರಿಗೆ ಹಾಸೋಕೆ ಬೇಕಾಗುತ್ತೆ," ಎಂದು ಮೂಲೆಯಲ್ಲಿಟ್ಟ.

ನಾದಿನಿ ಔಷಧಿ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಳು. ಬೆಳಿಗ್ಗೆ ಹೋದರೆ ದೀಪ ಹಚ್ಚುವ ಹೊತ್ತಿಗೆ ವಾಪಸು. ಹೀಗಾಗಿ ಹಗಲೆಲ್ಲ ಮರಿಯ ಹೊಣೆ ಟೈಲರಮ್ಮನ ತಲೆಗೇ ಬಂತು. ಹೋಗುವ ಮುಂಚೆ ನಾದಿನಿ ಪಾಠ ಒಪ್ಪಿಸಿದಂತೆ ಹೇಳುತ್ತಿದ್ದಳು. "ಎದ್ದ ತಕ್ಷಣ ಹಿತ್ತಲಿಗೆ ಎತ್ಕೊಂಡು ಹೋಗಿ ಅತ್ತಿಗೆ. ಉಂಡ ಮೇಲೆ ಒಂದ್ಸಲ, ಆಡಿದ ಮೇಲೆ ಒಂದ್ಸಲ. ದಿನಾ ಅದೇ ಮೂಲೆಗೇ ಬಿಡಿ, ವಾಸನೆ ಹಿಡಿದು ಕಲಿಯುತ್ತೆ. ಮಾಡಿದ್ರೆ 'ಜಾಣ' ಅಂತ ತಲೆ ಸವರಿ. ಬೀದಿಗೆ ಮಾತ್ರ ಬಿಡ್ಬೇಡಿ, ಇನ್ನೂ ಲಸಿಕೆ ಸೂಜಿ ಎಲ್ಲಾ ಮುಗಿದಿಲ್ಲ. ಒಳಗೆ ಮಾಡ್ಕೊಂಡ್ರೂ ಬೈಬೇಡಿ, ಒರೆಸಿ ಬಿಡಿ ಅಷ್ಟೆ."

"ನಾನು ಬೈತೀನಾ?" ಎಂದಳು ಟೈಲರಮ್ಮ. ನಾದಿನಿ ಅಣ್ಣನ ಮುಖ ನೋಡಿದಳು, ಅಣ್ಣ ಚಪ್ಪಲಿ ಹುಡುಕತೊಡಗಿದ.

ಮೊದಮೊದಲು ಟೈಲರಮ್ಮ ನಾದಿನಿ ಹೇಳಿದ ಹಾಗೆಯೇ ಮಾಡಿದಳು. ಆದರೆ ಅಂಗಿಯ ಕಾಲರು ತಿರುಗಿಸುವ ಹೊತ್ತಿಗೆ ಸರಿಯಾಗಿ ಮರಿ ಏಳುತ್ತಿತ್ತು. ಹೊಲಿಗೆ ಅರ್ಧಕ್ಕೆ ಬಿಟ್ಟು ಏಳುವಷ್ಟರಲ್ಲಿ ನೆಲದ ಮೇಲೆ ಕೆರೆ. ಹೋಗಲಿ ಎಂದು ಒರೆಸಿದಳು. ಒಂದು ದಿನ ಮಾತ್ರ, ಮರುದಿನವೇ ಕೊಡಬೇಕಾಗಿದ್ದ ತಿಳಿನೀಲಿ ರೇಷ್ಮೆ ಲಂಗ ಮೊಳೆಯಿಂದ ಜಾರಿ ಕೆಳಗೆ ಬಿದ್ದಿತ್ತು. ಉಂಡೆ ಅದರ ಮೇಲೆ ಮೂರು ಸುತ್ತು ಸುತ್ತಿ, ಸುಖವಾಗಿ ಕುಳಿತು ಕೆಲಸ ಮುಗಿಸಿತು.

ಲಂಗವನ್ನು ತೊಳೆದು, ನೆರಳಲ್ಲಿ ಒಣಗಿಸಿ, ಇಸ್ತ್ರಿ ಮಾಡಿ, ಮತ್ತೆ ಮೂಸಿ ನೋಡಿ, ಮತ್ತೆ ತೊಳೆಯುವಷ್ಟರಲ್ಲಿ ಅವಳಿಗೆ ಅಳುವೇ ಬಂತು. ಇದನ್ನೆಲ್ಲ ಎದುರುಮನೆಯ ಜಗಲಿಯಿಂದ ನೋಡುತ್ತಿದ್ದವನು ಸಲಹೆ ಮಾಮ. ಹೆಸರೇ ಹೇಳುವಂತೆ, ಹಲ್ಲುನೋವಿನಿಂದ ಹಿಡಿದು ಹೆಣ್ಣು ನೋಡುವವರೆಗೆ ಅವನಲ್ಲಿ ಕೇಳದೆ ಸಿಗುವ ಸಲಹೆಗೆ ಬರವಿರಲಿಲ್ಲ.

"ಅಯ್ಯೋ ತಾಯಿ, ನಾಯಿನ ಮುದ್ದು ಮಾಡಿ ಯಾರು ಕಲಿಸ್ತಾರೆ? ನಾನು ಎಷ್ಟು ನಾಯಿ ಸಾಕಿಲ್ಲ! ಮಾಡಿದ ಜಾಗಕ್ಕೆ ಮೂತಿ ತಿಕ್ಕು, ಕಾಗದ ಸುರುಳಿ ಸುತ್ತಿ ಎರಡು ಬಿಡು. ಮೂರನೇ ದಿನಕ್ಕೆ ನೆಟ್ಟಗಾಗ್ದಿದ್ರೆ ಕೇಳು."

ಟೈಲರಮ್ಮ ಮನೆಯೊಳಗೆ ಬಂದಳು. ಮೂಲೆಯಲ್ಲಿ ಗಂಡ ತಂದಿಟ್ಟ ಕಾಗದದ ಕಟ್ಟಿತ್ತು. ಒಂದು ಹಾಳೆ ಎಳೆದು ಸುರುಳಿ ಸುತ್ತಿದಳು.

ಮದ್ದು ನಾಟಿತು. ನೆಲ ಒಣಗಿಯೇ ಉಳಿಯತೊಡಗಿತು. ಸಂಜೆ ಬಂದ ನಾದಿನಿ ಮುಂದಿನ ಕೋಣೆ, ನಡುಮನೆ ಎಲ್ಲ ಕಣ್ಣಾಡಿಸಿ, "ಅತ್ತಿಗೆ, ಏನ್ ಕೈಗುಣ ನಿಮ್ಮದು! ಇಷ್ಟು ಬೇಗ ಯಾವ ಮರಿನೂ ಕಲಿಯಲ್ಲ," ಎಂದಳು. ಬಂದಂದಿನಿಂದ ಆ ಮುಖದಲ್ಲಿ ನಗು ಕಂಡದ್ದು ಅದೇ ಮೊದಲು. ಟೈಲರಮ್ಮನೂ ನಕ್ಕಳು, ಆದರೆ ಉಂಡೆ ಯಂತ್ರದ ಕೆಳಗೆ ಸರಿದು ಕೂತಿದ್ದನ್ನು ನೋಡಿ ನಗು ಅರ್ಧಕ್ಕೇ ನಿಂತಿತು.

ಕೆಲವು ದಿನಗಳ ಮೇಲೆ ಮನೆಯಲ್ಲೇನೋ ನಾತ. ಗಂಡ, ಇಲಿ ಸತ್ತಿರಬೇಕು ಎಂದ. ಎಲ್ಲರೂ ಕೆಲಸಕ್ಕೆ ಹೋದ ಮೇಲೆ ಟೈಲರಮ್ಮ ಮೂಗು ಎಳೆದ ಕಡೆಗೆಲ್ಲ ಹುಡುಕಿದಳು. ನಡುಮನೆಯ ಮಂಚದ ಕೆಳಗೆ, ಹಳೆಯ ಟ್ರಂಕಿನ ಹಿಂದೆ, ಗೋಡೆಗೂ ಟ್ರಂಕಿಗೂ ನಡುವಿನ ಗೇಣಗಲ ಸಂದಿಯಲ್ಲಿ ಇತ್ತು ಎಲ್ಲ. ಒಣಗಿದ್ದು, ಒಣಗದ್ದು. ಮರಿ ಏನೂ ಕಲಿತಿರಲಿಲ್ಲ. ಇವಳ ಕಣ್ಣಿಗೆ ಬೀಳದ ಹಾಗೆ ಮಾಡುವುದೊಂದನ್ನು ಕಲಿತಿತ್ತು.

ಅವಳು ಹೊಟ್ಟೆಯ ಮೇಲೆ ತೆವಳಿ ಹೋಗಿ ಬಳಿದು, ವಿನೆಗರ್ ಹಾಕಿದ ನೀರಿನಲ್ಲಿ ತಿಕ್ಕಿ ತೊಳೆದಳು. ಯಾರಿಗೂ ಹೇಳಲಿಲ್ಲ. ಕಾಗದದ ಸುರುಳಿಯನ್ನು ಒಲೆಗೆ ಹಾಕಿದಳು. ಇಂದಿನಿಂದ ನಯವಾಗಿ ಕಲಿಸಿದರಾಯಿತು, ನಾದಿನಿಗೆ ಯಾಕೆ ಗೊತ್ತಾಗಬೇಕು? ಆದರೆ ಹಿತ್ತಲಿಗೆ ಒಯ್ದು ಬಿಟ್ಟರೆ ಉಂಡೆ ಕಾಲ ನಡುವೆ ಬಾಲ ಸಿಕ್ಕಿಸಿಕೊಂಡು ಅವಳನ್ನೇ ನೋಡುತ್ತ ನಿಲ್ಲುತ್ತಿತ್ತು. ಗಳಿಗೆಗಟ್ಟಲೆ ನಿಂತರೂ ಅಷ್ಟೆ. ಕೊನೆಗೆ ಅವಳೇ ಸೋತು ಒಳಗೆ ಬಂದರೆ, ಅದು ಕಣ್ಣು ತಪ್ಪಿಸಿ ಮಂಚದ ಕಡೆಗೆ. ಈಚೀಚೆಗೆ ನಾದಿನಿ ಬೆಳಿಗ್ಗೆ ಹೊರಗೆ ಬಿಟ್ಟಾಗಲೂ ಅದು ಹಾಗೆಯೇ ನಿಲ್ಲುತ್ತಿತ್ತು. "ಆಗ್ಲೇ ಮುಗಿಸ್ಕೊಂಡಿದೆಯೇನೋ," ಎನ್ನುತ್ತಿದ್ದಳು ಅವಳು. ಟೈಲರಮ್ಮ ತಲೆ ಬಗ್ಗಿಸಿ ಸೂಜಿಗೆ ದಾರ ಪೋಣಿಸುತ್ತಿದ್ದಳು.

ಹೀಗಿರುವಾಗ ಒಂದು ಮಕ್ಕಳ ಕೋಟು ಹೊಲಿಗೆಗೆ ಬಂತು. ಅದಕ್ಕೆ ಹಾಕಬೇಕಾದ ಹಿತ್ತಾಳೆ ಗುಂಡಿಗಳನ್ನು ಮಗುವಿನ ತಾಯಿಯೇ ತಂದು ಕೊಟ್ಟಿದ್ದಳು, ಕಿರುಬೆರಳ ಉಗುರಿನಷ್ಟು ಚಿಕ್ಕವು, ಚಪ್ಪಟೆ, ನುಣುಪು. ಟೈಲರಮ್ಮ ಅವನ್ನು ತಟ್ಟೆಯೊಂದರಲ್ಲಿಟ್ಟು ಪಕ್ಕದ ಮಣೆಯ ಮೇಲಿರಿಸಿಕೊಂಡಿದ್ದಳು. ಬಾಗಿಲಲ್ಲಿ ಯಾರೋ ಕರೆದರು. ಅಳತೆ ಬ್ಲೌಸು ಕೊಟ್ಟು, ಎರಡು ಮಾತಾಡಿ ವಾಪಸು ಬಂದಾಗ ತಟ್ಟೆ ಕವುಚಿಬಿದ್ದಿತ್ತು. ಗುಂಡಿಗಳು ನೆಲದ ತುಂಬ. ನಡುವೆ ಉಂಡೆ ನಾಲಿಗೆ ಚಪ್ಪರಿಸುತ್ತ ಕೂತಿತ್ತು.

ಅವಳನ್ನು ಕಂಡದ್ದೇ ಯಂತ್ರದಡಿಗೆ ಓಡಿತು.

ಆರಿಸಿ ನೋಡಿದರೆ ಒಂದು ಗುಂಡಿ ಕಡಿಮೆ. ಎಲ್ಲೋ ಉರುಳಿರಬೇಕು ಎಂದುಕೊಂಡಳು, ನುಂಗಿಲ್ಲ, ನುಂಗಿರಲಿಕ್ಕಿಲ್ಲ. ಯಂತ್ರ ಸರಿಸಿದಳು, ಬಟ್ಟೆಯ ಗಂಟುಗಳನ್ನೆಲ್ಲ ಬಿಚ್ಚಿ ಕೊಡವಿದಳು, ಪೊರಕೆ ಹಿಡಿದು ಕೋಣೆಯ ಮೂಲೆಮೂಲೆ ಗುಡಿಸಿದಳು, ಗುಡಿಸಿದ ಕಸವನ್ನು ಕೈಯಲ್ಲಿ ಕೆದಕಿದಳು. ಮುರಿದ ಸೂಜಿ ಸಿಕ್ಕಿತು, ಗುಂಡಿ ಸಿಗಲಿಲ್ಲ. ನಾದಿನಿಗೆ ಫೋನು ಮಾಡಬೇಕೆಂದು ಎತ್ತಿಕೊಂಡಳು, ಕೆಳಗಿಟ್ಟಳು. ಏನೆಂದು ಹೇಳುವುದು? ಇನ್ನೊಂದು ಸಲ ಹುಡುಕೋಣ. ಹೀಗೆ ಕಾಲು ಸುಟ್ಟ ಬೆಕ್ಕಿನಂತೆ ಒಳಗೂ ಹೊರಗೂ ತಿರುಗುತ್ತ ಮಧ್ಯಾಹ್ನವೇ ಕಳೆಯಿತು. ಕಿಟಕಿಯ ಬಿಸಿಲು ಎದುರು ಗೋಡೆಗೇರಿದಾಗ ಉಂಡೆ ಒಮ್ಮೆ ಓಕರಿಸಿದಂತೆ ಮಾಡಿತು. ಬಾಯಿಂದ ಏನೂ ಬರಲಿಲ್ಲ. ಆಗ ಫೋನು ಮಾಡಿದಳು.

ನಾದಿನಿ ಅಂಗಡಿಯ ಬಿಳಿ ಕೋಟಿನಲ್ಲೇ ಓಡಿ ಬಂದಳು. ಆಟೋದಲ್ಲಿ ಮರಿಯನ್ನು ಮಡಿಲಲ್ಲಿಟ್ಟುಕೊಂಡು ಅದರ ಹೊಟ್ಟೆಯ ಮೇಲೆ ಅಂಗೈ ಇಟ್ಟು ಕೂತಳು.

ಪ್ರಾಣಿವೈದ್ಯೆ ಎಕ್ಸ್‌ರೇ ಹಾಳೆಯನ್ನು ಬೆಳಕಿಗೆ ಹಿಡಿದಳು. ಹುರಿಗಾಳಿನಂಥ ಬೆನ್ನೆಲುಬುಗಳ ಕೆಳಗೆ ಒಂದು ದುಂಡನೆಯ ಬಿಳಿ ಚುಕ್ಕೆ.

"ಹೊಟ್ಟೆ ದಾಟಿ ಕರುಳಿಗೆ ಇಳಿದುಬಿಟ್ಟಿದೆ. ಆಗ್ಲೇ ತಂದಿದ್ರೆ ವಾಂತಿ ಮಾಡಿಸಿ ತೆಗೀಬಹುದಿತ್ತು," ಎಂದಳು. ಬೈಯುವ ದನಿಯಲ್ಲಲ್ಲ, ಆದರೂ ಟೈಲರಮ್ಮನಿಗೆ ಕಪಾಳಕ್ಕೆ ಬಿದ್ದಂತಾಯಿತು. "ನುಣುಪಾಗಿದೆ, ತಾನಾಗೇ ಹೊರಗೆ ಬರೋ ಸಂಭವ ಜಾಸ್ತಿ. ಎಣ್ಣೆ ಕುಡಿಸೋದು, ಬಾಳೆಹಣ್ಣು ತುರುಕೋದು ಏನೂ ಬೇಡ. ಅನ್ನ, ಬೇಯಿಸಿದ ಮೊಟ್ಟೆ ಕೊಡಿ, ನೀರು ಕೊಡಿ. ಪ್ರತಿಸಲ ಮಲ ನೋಡಬೇಕು. ಹಿತ್ತಾಳೆ ಅಲ್ವಾ, ತುಂಬಾ ದಿನ ಒಳಗಿರೋದು ಒಳ್ಳೇದಲ್ಲ. ವಾಂತಿ ಮಾಡಿದ್ರೆ, ಊಟ ಬಿಟ್ರೆ, ಹೊಟ್ಟೆ ಗಟ್ಟಿಯಾದ್ರೆ ತಕ್ಷಣ ತನ್ನಿ. ಹೊರಗೆ ಸರಿಯಾಗಿ ಹೋಗುತ್ತಾ?"

"ಹೋಗುತ್ತೆ ಡಾಕ್ಟರೇ," ಎಂದಳು ನಾದಿನಿ. "ಅತ್ತಿಗೆ ಚೆನ್ನಾಗಿ ಕಲಿಸಿದಾರೆ."

ಟೈಲರಮ್ಮ ಎಕ್ಸ್‌ರೇಯನ್ನೇ ನೋಡುತ್ತಿದ್ದಳು. ಬಿಸಿತುಪ್ಪ ಬಾಯಲ್ಲಿತ್ತು, ನುಂಗಲೂ ಆಗದು, ಉಗುಳಲೂ ಆಗದು.

ಆ ಸಂಜೆ ಮರಿ ಏನೂ ಮಾಡಲಿಲ್ಲ. ಮರುದಿನ ಬೆಳಿಗ್ಗೆಯೂ ಮಾಡಲಿಲ್ಲ. ನಾದಿನಿ ರಜೆ ಹಾಕಿ ಹಿತ್ತಲಿನಲ್ಲೇ ಕೂತಳು. ಉಂಡೆ ಇಟ್ಟ ಅನ್ನದಲ್ಲಿ ಅರ್ಧ ತಿಂದು, ಮೂಲೆಗೆ ಹೋಗಿ, ಮಣ್ಣು ಮೂಸಿ, ಬೆನ್ನು ಬಗ್ಗಿಸುವಂತೆ ಮಾಡಿ, ತಲೆ ಎತ್ತಿ ನೋಡಿ, ಬಾಲ ಇಳಿಸಿ ವಾಪಸು ಬರುತ್ತಿತ್ತು. ಕೆಲಸಕ್ಕೆ ಹೊರಟ ಗಂಡ ಹೊಸ್ತಿಲಲ್ಲಿ ನಿಂತು, "ಏನಾದ್ರೂ...?" ಎಂದ. ತಂಗಿ ಇಲ್ಲವೆಂದು ತಲೆಯಾಡಿಸಿದಳು. ಅವನು ಊಟದ ಡಬ್ಬಿ ಮರೆತೇ ಹೋದ.

ನಾದಿನಿ ಬಚ್ಚಲಿಗೆ ಹೋದಾಗಲೆಲ್ಲ ಟೈಲರಮ್ಮ ಓಡಿ ಹೋಗಿ ಮಂಚದ ಕೆಳಗೆ ಬ್ಯಾಟರಿ ಬಿಟ್ಟು ನೋಡುತ್ತಿದ್ದಳು. ಅಲ್ಲಿಯೂ ಏನಿಲ್ಲ. ಅಷ್ಟು ತೊಳೆದದ್ದಕ್ಕೋ, ಮನೆಯಲ್ಲಿ ಸದಾ ಜನ ಇದ್ದದ್ದಕ್ಕೋ, ಮರಿಗೆ ಅಲ್ಲಿಯೂ ಧೈರ್ಯ ಬಂದಿರಲಿಲ್ಲ. ಅಥವಾ ಗುಂಡಿ ನಿಜವಾಗಿಯೂ ಅಡ್ಡ ಕೂತಿತ್ತೆ? ಎರಡರಲ್ಲಿ ಯಾವುದು ಎಂದು ತಿಳಿಯದೆ ಅವಳು ಮತ್ತೆ ಬ್ಯಾಟರಿ ಹಿಡಿದು ಬಗ್ಗುತ್ತಿದ್ದಳು.

ಮಧ್ಯಾಹ್ನ ನಾದಿನಿ ವೈದ್ಯೆಗೆ ಫೋನು ಮಾಡಿದಳು. ಟೈಲರಮ್ಮ ಬಾಗಿಲ ಮರೆಯಲ್ಲಿ ನಿಂತು ಕೇಳಿದಳು. "ಇಲ್ಲ ಡಾಕ್ಟರೇ, ಮುಕ್ಕರಿಯುತ್ತೆ, ಬರ್ತಿಲ್ಲ... ಹೂಂ... ಇಲ್ಲ, ಮುಂಚೆ ಯಾವ ತೊಂದರೆನೂ ಇರ್ಲಿಲ್ಲ... ಸರಿ. ಸಂಜೆ ತರ್ತೀನಿ." ಫೋನು ಇಟ್ಟು ಅವಳು ಗೋಡೆಗೊರಗಿದಳು. "ಮುಕ್ಕರಿದ್ರೂ ಬರ್ತಿಲ್ಲ ಅಂದ್ರೆ ಅಡ್ಡ ಕೂತಿರಬಹುದಂತೆ ಅತ್ತಿಗೆ. ಸಂಜೆವರೆಗೂ ಹೀಗೇ ಇದ್ರೆ ಹೊಟ್ಟೆ ಕೊಯ್ದು ತೆಗೀಬೇಕಾಗಬಹುದು ಅಂದ್ರು. ಇಷ್ಟು ಚಿಕ್ಕ ಮರಿ, ತಡ್ಕೊಳುತ್ತೆ ಅಂತ ಹೇಳೋಕಾಗಲ್ಲವಂತೆ."

ಇನ್ನು ಬಾಯಿ ಮುಚ್ಚಿಕೊಂಡಿದ್ದರೆ ಮರಿಯ ಹೊಟ್ಟೆಗೆ ಕತ್ತಿ ಬೀಳುತ್ತದೆ, ಬಹುಶಃ ಸುಮ್ಮಸುಮ್ಮನೆ. ಟೈಲರಮ್ಮನ ನಾಲಿಗೆ ಒಣಗಿತು. ಊರಿಗೆಲ್ಲ ಬುದ್ಧಿ ಹೇಳುವ ನಾಲಿಗೆ.

"ಅದು ಬರದೆ ಇರೋದಲ್ಲ ಕಣೇ," ಎಂದಳು. "ಅದು ಮಾಡ್ತಿಲ್ಲ. ನಾನು ಇದೀನಿ ಅಂತ."

"ಅಂದ್ರೆ?"

ಹೇಳಿದಳು. ರೇಷ್ಮೆ ಲಂಗ, ಸಲಹೆ ಮಾಮ, ಕಾಗದದ ಸುರುಳಿ, ಮೂತಿ ತಿಕ್ಕಿದ್ದು, ಟ್ರಂಕಿನ ಹಿಂದಿನ ಸಂದಿ, ಎಲ್ಲ. ಹೇಳುವಾಗ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಸುತ್ತಿ ರಕ್ತ ನಿಲ್ಲುವಷ್ಟು ಬಿಗಿ ಮಾಡಿಕೊಂಡಿದ್ದಳು.

ನಾದಿನಿ ಮರಿಯನ್ನೆತ್ತಿ ಎದೆಗವಚಿಕೊಂಡಳು. ಆಮೇಲೆ ಅವಳ ಬಾಯಿಂದ ಬಂದದ್ದು ಕೂಗಲ್ಲ, ಒಣಗಿದ ದನಿ. "ನಿಮ್ಮ ಮುಂದೆ ಯಾರಿಗೆ ತಾನೆ ಧೈರ್ಯವಾಗಿ ಕೂರೋಕಾಗುತ್ತೆ ಅತ್ತಿಗೆ? ನಾನು ಬಂದು ಇಷ್ಟು ದಿನ ಆಯ್ತು. ಅಳು ಬಂದ್ರೆ ಬಚ್ಚಲುಮನೆಗೆ ಹೋಗಿ ನಲ್ಲಿ ತಿರುಗಿಸ್ಕೋತೀನಿ."

ಆ ನಲ್ಲಿಯ ಸದ್ದು ಟೈಲರಮ್ಮನಿಗೆ ಗೊತ್ತಿತ್ತು. ನೀರು ದಂಡ ಮಾಡುತ್ತಾಳೆ ಎಂದು ಗಂಡನ ಹತ್ತಿರ ದೂರಿದ್ದಳು ಕೂಡ. "ಈಗ ಮರೀದು ನೋಡೋಣ ಬಾ," ಎಂದಷ್ಟೇ ಅಂದಳು. "ನನಗೆ ಏನು ಬೇಕಾದ್ರೂ ಆಮೇಲೆ ಅನ್ನು."

ನಾದಿನಿ ಮತ್ತೆ ಫೋನು ತಿರುಗಿಸಿ ವೈದ್ಯೆಗೆ ಇದ್ದದ್ದು ಇದ್ದ ಹಾಗೆ ಹೇಳಿದಳು. ವೈದ್ಯೆ, "ಮೊದಲೇ ಹೇಳಬಾರದಾ!" ಎಂದು ಗದರಿ, ಹೊಟ್ಟೆ ಮೆತ್ತಗಿದ್ದು ವಾಂತಿ ಇಲ್ಲದಿದ್ದರೆ ಸಂಜೆಯವರೆಗೆ ಪ್ರಯತ್ನ ಮಾಡಿ ಎಂದಳು. ಮರಿಯನ್ನು ಯಾರೂ ದಿಟ್ಟಿಸಿ ನೋಡಬಾರದು, ಮೇಲೆ ಬಗ್ಗಿ ನಿಲ್ಲಬಾರದು, ಅವಸರ ಮಾಡಬಾರದು.

"ನಾನು ಒಳಗೇ ಇರ್ತೀನಿ, ನೀನೇ ಹೋಗು," ಎಂದಳು ಟೈಲರಮ್ಮ.

"ಬೇಡ. ನೀವು ಎಲ್ಲಿದ್ದೀರೋ ಅಂತ ಅದು ಹುಡುಕ್ತಾನೇ ಇರುತ್ತೆ. ಕಣ್ಣಿಗೆ ಕಾಣೋ ಹಾಗೆ ಕೂತ್ಕೊಳ್ಳಿ. ಬೆನ್ನು ಹಾಕಿ."

ಹಾಗೆ ಹಿತ್ತಲಿನ ಒಗೆಯುವ ಕಲ್ಲಿನ ಮೇಲೆ ಟೈಲರಮ್ಮ ಮೂಲೆಗೆ ಬೆನ್ನು ತಿರುಗಿಸಿ ಕೂತಳು. ಮಡಿಲಲ್ಲಿ ಹೊಲಿಗೆ ಬಿಚ್ಚಬೇಕಾದ ಹಳೇ ಪ್ಯಾಂಟು. ನಾದಿನಿ ಮರಿಯ ಕೊರಳಿಗೆ ಉದ್ದನೆ ಹಗ್ಗ ಕಟ್ಟಿ, ತುದಿ ಹಿಡಿದು ಗೋಡೆಯತ್ತ ಮುಖ ಮಾಡಿ ನಿಂತಳು. ಇಬ್ಬರು ದೊಡ್ಡ ಹೆಂಗಸರು ಒಂದು ಹಿಡಿ ಮರಿಗೆ ಬೆನ್ನು ಕೊಟ್ಟು ಕಾಯುವುದನ್ನು ಎದುರುಮನೆಯ ಮಾಮ ನೋಡಿದ್ದರೆ ಅದಕ್ಕೂ ಒಂದು ಸಲಹೆ ಇರುತ್ತಿತ್ತೇನೋ.

ಹಗ್ಗ ನೆಲದ ಮೇಲೆ ಸರಿದ ಸದ್ದು. ನಿಂತಿತು. ಮತ್ತೆ ಸರಿಯಿತು. ಟೈಲರಮ್ಮನ ಕುತ್ತಿಗೆ ತಾನಾಗಿಯೇ ಹಿಂದಕ್ಕೆ ತಿರುಗಲು ಹೊರಡುತ್ತಿತ್ತು. ಹಲ್ಲು ಕಚ್ಚಿ ಹಿಡಿದಳು. ಹೊಲಿಗೆ ಬಿಚ್ಚುವ ಬದಲು ಬಟ್ಟೆಯನ್ನೇ ಹರಿದಳು. ಬೆರಳಿಗೆ ಬ್ಲೇಡು ತಾಗಿತು, ಚೀಪಿಕೊಂಡಳು. ಬಿಸಿಲು ನೆತ್ತಿಯಿಂದ ಇಳಿಯುತ್ತಿತ್ತು. ಸಂಜೆ ಹತ್ತಿರವಾದಷ್ಟೂ ಆ ಆಸ್ಪತ್ರೆಯ ತಗಡಿನ ಮೇಜು ಕಣ್ಣ ಮುಂದೆ ಬರುತ್ತಿತ್ತು, ಅದರ ಮೇಲೆ ಹೊಟ್ಟೆ ಬೋಳಿಸಿಕೊಂಡು ಅಂಗಾತ ಬಿದ್ದ ಪುಟ್ಟ ದೇಹ. ಮಾಡಪ್ಪ, ಎಂದಳು ಮನಸ್ಸಿನಲ್ಲೇ. ನನ್ನ ಮಡಿಲಲ್ಲಿ ಬೇಕಾದರೂ ಮಾಡು, ರೇಷ್ಮೆಯ ಮೇಲೆ ಮಾಡು.

ಹಿಂದೆ ಒಣಗಿದ ಎಲೆ ಕೆದಕಿದ ಸದ್ದಾಯಿತು. ಆಮೇಲೆ ಸದ್ದೇ ಇಲ್ಲ. ಎಷ್ಟು ಹೊತ್ತೋ. ಆಮೇಲೆ ಮಣ್ಣು ಒದೆದು ಚೆಲ್ಲುವ ಸದ್ದು.

"ಅತ್ತಿಗೆ," ಎಂದಳು ನಾದಿನಿ ಉಸಿರಿನಷ್ಟೇ ಸಣ್ಣಗೆ. "ಕೂಗ್ಬೇಡಿ. ಮಾಡ್ತು."

ಇಬ್ಬರೂ ಕಡ್ಡಿ ಹಿಡಿದು ಮೊಣಕಾಲೂರಿದರು. ಬಂಗಾರ ಸೋಸುವವರೂ ಅಷ್ಟು ಗಮನವಿಟ್ಟು ಸೋಸುವುದಿಲ್ಲ. ಕೆದಕಿದರು, ನೀರು ಹಾಕಿದರು, ಮತ್ತೆ ಕೆದಕಿದರು. ಗುಂಡಿ ಇರಲಿಲ್ಲ.

ಟೈಲರಮ್ಮ ಅಲ್ಲೇ ಕುಸಿದು ಕೂತಳು. ಆದರೆ ಫೋನಿನಲ್ಲಿ ವೈದ್ಯೆ, "ಒಳ್ಳೇದೇ ಆಯ್ತು, ದಾರಿ ಮುಚ್ಚಿಲ್ಲ ಅಂತ ಅರ್ಥ. ಇವತ್ತು ಬರಬೇಡಿ. ನಾಳೆ ಸಂಜೆ ಇನ್ನೊಂದು ಚಿತ್ರ ತೆಗೆಯೋಣ," ಎಂದಳು. ಅಂದರೆ ಇನ್ನೊಂದು ದಿನದ ಗಂಡಾಂತರ. ಆ ರಾತ್ರಿ ಮನೆಯಲ್ಲಿ ಯಾರೂ ಸರಿಯಾಗಿ ಉಣ್ಣಲಿಲ್ಲ, ಮರಿಯೊಂದನ್ನು ಬಿಟ್ಟು. ಅದು ತಟ್ಟೆ ನೆಕ್ಕಿ ಇನ್ನೂ ಕೊಡಿ ಎಂದು ನೋಡಿತು.

ಬೆಳಿಗ್ಗೆ ಹೊತ್ತು ಹುಟ್ಟುವಾಗಲೇ ಮತ್ತೆ ಅದೇ ಕಲ್ಲು, ಅದೇ ಬೆನ್ನು. ಈ ಸಲ ಹೆಚ್ಚು ಕಾಯಿಸಲಿಲ್ಲ. ಕಡ್ಡಿಗೆ ಏನೋ ಟಿಕ್ ಎಂದು ತಾಗಿದಾಗ ನಾದಿನಿ ಕಡ್ಡಿ ಬಿಸಾಕಿ ಬರಿಗೈಯಲ್ಲೇ ಎತ್ತಿ, ನಲ್ಲಿಯ ಕೆಳಗೆ ಹಿಡಿದಳು. ಬಣ್ಣ ಕಪ್ಪಿಟ್ಟಿತ್ತು. ಆದರೂ ಅದೇ ಗುಂಡಿ. ಅವಳು ಅದನ್ನು ಹಿಡಿದುಕೊಂಡು ಹಿತ್ತಲಿನ ಬಾಗಿಲಲ್ಲೇ ನಿಂತು ಅಳತೊಡಗಿದಳು, ಜೋರಾಗಿ, ಮೂಗು ಸೋರಿಸಿಕೊಂಡು. ಅದು ಬರೀ ಗುಂಡಿಯ ಅಳುವಲ್ಲ ಎನ್ನುವುದು ಟೈಲರಮ್ಮನಿಗೆ ತಿಳಿಯಿತು. ಅವಳು ಸುಮ್ಮನಿರು ಎನ್ನಲಿಲ್ಲ. ಪಕ್ಕದಲ್ಲಿ ಕೂತಳು, ಅಷ್ಟೆ. ಒಳಗಿನಿಂದ ಗಂಡ ಓಡಿ ಬಂದು ಇಬ್ಬರನ್ನೂ ನೋಡಿ ಹೌಹಾರಿ, "ಹೋಯ್ತಾ?" ಎಂದ.

"ಬಂತು ರೀ," ಎಂದಳು ಟೈಲರಮ್ಮ.

ಕೋಟಿಗೆ ಅವಳು ಬೇರೆ ಗುಂಡಿಗಳನ್ನೇ ಹಾಕಿದಳು. ಮಗುವಿನ ತಾಯಿ ಮುಖ ಗಂಟಿಕ್ಕಿದಾಗ, "ಒಂದನ್ನ ನಮ್ಮನೆ ನಾಯಿ ನುಂಗ್ತು," ಎಂದು ನಿಜವನ್ನೇ ಹೇಳಿ ಬೈಸಿಕೊಂಡಳು. ಗುಂಡಿ, ಸೂಜಿ, ದಾರದ ಚೂರು ಎಲ್ಲಕ್ಕೂ ಮುಚ್ಚಳದ ಡಬ್ಬಿ ಬಂತು. ಅಚ್ಚುಕೂಟದ ಕಾಗದ ಮಾತ್ರ ಹಾಗೆಯೇ ಉಳಿಯಿತು. ಅದು ಸರಕ್ಕೆಂದರೆ ಸಾಕು, ಉಂಡೆ ಓಡುತ್ತಿತ್ತು. ಮಂಚದ ಕೆಳಗೆ ಈಗಲೂ ಆಗಾಗ ಕಾಣಿಕೆ ಸಿಗುತ್ತಿತ್ತು. ಟೈಲರಮ್ಮ ಮಾತಾಡದೆ ಒರೆಸುತ್ತಿದ್ದಳು. ಹಿತ್ತಲಿನಲ್ಲಿ ದಿನವೂ ಬೆನ್ನು ಹಾಕಿ ಕೂರುತ್ತಿದ್ದಳು. ಕೆಲವು ಸಲ ಒಲೆಯ ಮೇಲಿನದು ಸೀದುಹೋಗುತ್ತಿತ್ತು.

ಒಂದು ಬೆಳಿಗ್ಗೆ ಅವಳು ಯಂತ್ರದ ಮುಂದೆ ಕೂತು ತೋಳಿಗೆ ಅಂಚು ಮಡಿಸುತ್ತಿದ್ದಾಗ ಉಂಡೆ ನಿದ್ದೆಯಿಂದೆದ್ದು, ಮೈ ಮುರಿದು, ಕೋಣೆಯ ನಟ್ಟನಡುವೆ ಬಂದು ನಿಂತಿತು. ಅವಳ ಮುಖವನ್ನು ನೋಡಿತು. ನೋಡುತ್ತಲೇ ಹಿಂಗಾಲು ಬಗ್ಗಿಸಿತು.

ಟೈಲರಮ್ಮ ಯಂತ್ರದ ಚಕ್ರದ ಮೇಲೆ ಕೈ ಇಟ್ಟು ಹಾಗೆಯೇ ಕೂತಳು. ಉಂಡೆ ನಿಧಾನವಾಗಿ, ಪೂರ್ತಿಯಾಗಿ, ಅವಳ ಕಣ್ಣೆದುರಿಗೇ ಉಚ್ಚೆ ಹೊಯ್ದು, ಬಾಲವನ್ನು ಒಮ್ಮೆ ಅಲ್ಲಾಡಿಸಿತು.

"ಏ, ಬೇಗ ಬಾರೇ ಇಲ್ಲಿ!" ಎಂದು ಅವಳು ಕರೆದಳು, ಆದಷ್ಟು ಮೆಲ್ಲಗೆ.

ಕೆಲಸಕ್ಕೆ ಹೊರಡಲು ಸಿದ್ಧವಾಗುತ್ತಿದ್ದ ನಾದಿನಿ ಅರ್ಧ ಹೆಣೆದ ಜಡೆ ಹಿಡಿದುಕೊಂಡೇ ಬಂದಳು. "ಏನಾಯ್ತು ಅತ್ತಿಗೆ?"

"ನೋಡು. ನಾನು ನೋಡ್ತಿರುವಾಗಲೇ ಮಾಡ್ತು."

ನಾದಿನಿ ನೆಲ ನೋಡಿದಳು, ಅತ್ತಿಗೆಯ ಮುಖ ನೋಡಿದಳು. ಆಮೇಲೆ ಜಡೆ ಬಿಟ್ಟು ಒರೆಸುವ ಬಟ್ಟೆ ತರಲು ಹೋದಳು. ಟೈಲರಮ್ಮ ಮರಿಯನ್ನೆತ್ತಿಕೊಂಡು ಹಿತ್ತಲಿನ ಕಡೆ ನಡೆದಳು, ಉಳಿದದ್ದೇನಾದರೂ ಇದ್ದರೆ ಅಲ್ಲಿ ಆಗಲಿ ಎಂದು.